ಊರಿನ ಕೆಲಸಕ್ಕೆಲ್ಲ ನಾನೇ ಆಗಬೇಕೇ?

ಪ್ರಶ್ನೆ: ಮೇಡಂ, ನಾನು ಅಡಿಕೆ ಬೆಳೆಗಾರ, ವಯಸ್ಸು 46. ನಮ್ಮೂರಲ್ಲಿ ಇರುವುದೇ ಮೂವತ್ತು ಮನೆ. ಅರ್ಧಕ್ಕರ್ಧ ಮನೆಗಳಲ್ಲಿ ವಯಸ್ಸಾದ ಅಪ್ಪ-ಅಮ್ಮ ಮಾತ್ರ. ಶಾಲೆಯಲ್ಲಿ ಏಳು ಮಕ್ಕಳು. ರಾತ್ರಿ ಊರಲ್ಲೇ ಉಳಿಯುತ್ತಿದ್ದ ಹಾಲ್ಟಿಂಗ್ ಬಸ್ಸು ಬರುವುದು ನಿಂತಿದೆ. ಡೈರಿ, ಶಾಲೆ, ದೇವಸ್ಥಾನದ ಕಮಿಟಿ, ತಾಳಮದ್ದಲೆ ಎಲ್ಲಕ್ಕೂ ನಾನೇ ಓಡಾಡಬೇಕು. ‘ನಮ್ಮ ಮಗಳೇ ವ್ಯಾನು ಹತ್ತಿ ಪೇಟೆ ಶಾಲೆಗೆ ಹೋಗುತ್ತಾಳೆ. ನೀವು ಯಾರಿಗೋಸ್ಕರ ಈ ಶಾಲೆ ಉಳಿಸ್ತೀರಿ?’ ಅನ್ನುತ್ತಾಳೆ ಹೆಂಡತಿ. ರಾತ್ರಿ ನಿದ್ದೆಯಿಲ್ಲ. ಎಲ್ಲ ಬಿಟ್ಟುಬಿಡಲೇ?
– ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ಎಲ್ಲವನ್ನೂ ಬೇಡ, ಮುಕ್ಕಾಲು ಪಾಲು ಬಿಡಿ.

ನಿಮ್ಮ ನಿದ್ದೆ ಕೆಡಿಸಿರುವುದು ಕೆಲಸಕ್ಕಿಂತ ಹೆಚ್ಚಾಗಿ ಹೆಂಡತಿಯ ಆ ಪ್ರಶ್ನೆ ಎಂದು ನನ್ನ ಗುಮಾನಿ. ಮಗಳನ್ನು ಪೇಟೆಗೆ ಕಳಿಸಿದ್ದು ತಪ್ಪೇನಲ್ಲ. ಆದರೆ ಶಾಲೆ ಉಳಿಸೋಣ ಎಂದು ನೀವು ಹೇಳುವಾಗ ಊರವರ ಕಣ್ಣು ನಿಮ್ಮ ಗೇಟಿನೆದುರು ನಿಲ್ಲುವ ಹಳದಿ ವ್ಯಾನಿನ ಮೇಲಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಅಲ್ಲಿ ಓದುವ ಮಕ್ಕಳ ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆ ಏಳು ಮಕ್ಕಳ ತಾಯಂದಿರು ಬಿಇಒ ಕಚೇರಿಗೆ ಹೋಗಿ ಕೂರಲಿ. ಅವರ ಮಾತಿಗಿರುವ ತೂಕ ನಿಮ್ಮ ಮಾತಿಗಿಲ್ಲ.

ಡೈರಿಗೆ ಕಾರ್ಯದರ್ಶಿ ಇದ್ದಾರಲ್ಲ. ದೇವಸ್ಥಾನದ ಲೆಕ್ಕಪತ್ರವನ್ನು ಬೆಂಗಳೂರಿನಲ್ಲಿರುವ ಯಾರಿಗಾದರೂ ಒಪ್ಪಿಸಿ. ವರ್ಷಕ್ಕೊಮ್ಮೆ ಬಂದು ‘ಊರು ಹಾಳಾಯ್ತು’ ಎಂದು ಮರುಗುವವರು ಅಷ್ಟಾದರೂ ಮಾಡಲಿ. ತಾಳಮದ್ದಲೆ ಈ ವರ್ಷ ಬೇಡ. ಬೇಕೆನಿಸಿದವರು ತಾವಾಗಿ ಕೇಳಿಕೊಂಡು ಬರುತ್ತಾರೆ.

ಬಸ್ಸೊಂದನ್ನು ಮಾತ್ರ ಬಿಡಬೇಡಿ. ಸಂಜೆ ಬಸ್ಸಿಲ್ಲದ ಊರಿನಲ್ಲಿ ಪಿಯುಸಿ ಓದುವ ಹುಡುಗಿಗೆ ಪೇಟೆಯಲ್ಲಿ ರೂಮು ಹಿಡಿಯಬೇಕಾಗುತ್ತದೆ. ಆಮೇಲೆ ಅಡುಗೆಗೆಂದು ತಾಯಿ ಹೋಗುತ್ತಾಳೆ, ತೋಟ ನೋಡಿಕೊಂಡು ಅಪ್ಪ ಒಬ್ಬನೇ ಉಳಿಯುತ್ತಾನೆ. ಟೀಚರಿಗೂ ಆಸ್ಪತ್ರೆಗೆ ಹೋಗುವ ಮುದುಕರಿಗೂ ಆಧಾರ ಅದೇ ಬಸ್ಸು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಠರಾವು ಮಾಡಿಸಿ, ನಡಾವಳಿಯ ಪ್ರತಿ ಹಿಡಿದು ನಾಲ್ಕು ಜನ ಡಿಪೊ ಮ್ಯಾನೇಜರನ್ನು ಕಾಣಿ. ಚಾಲಕ-ನಿರ್ವಾಹಕರಿಗೆ ರಾತ್ರಿ ಮಲಗಲು ಸೋರದ ಕೋಣೆ, ನೀರಿರುವ ಶೌಚಾಲಯ, ಬಿಸಿ ಊಟ ಕೊಡುತ್ತೇವೆಂದು ಬರೆದುಕೊಡಿ. ಈ ಸೌಕರ್ಯ ಇಲ್ಲದ ಊರಿಗೆ ಯಾವ ಸಿಬ್ಬಂದಿ ತಾನೇ ಇಷ್ಟಪಟ್ಟು ಬಂದಾರು? ಬಸ್ಸು ಬಂದ ಮೇಲೆ ಹತ್ತುವವರೂ ಇರಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡುತ್ತದೆ. ‘ಹೇಗೂ ಪುಕ್ಕಟೆಯಲ್ಲ’ ಎಂದು ಯಾರೂ ಟಿಕೆಟ್ ಪಡೆಯದೆ ಇಳಿಯಬಾರದು. ಈ ಮಾತನ್ನು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ನಿಮ್ಮ ಹೆಂಡತಿಯೇ ಹೇಳಲಿ.

ಇಷ್ಟಕ್ಕೂ ಶಾಲೆ ಉಳಿಯುತ್ತದೆಂದು ನಾನು ಭರವಸೆ ಕೊಡಲಾರೆ. ಏಳು ಮಕ್ಕಳು ಬಹಳ ಕಡಿಮೆ. ಮುಚ್ಚಿದರೆ ಅದು ನಿಮ್ಮೊಬ್ಬರ ಸೋಲಲ್ಲ.

ನಿದ್ದೆಯ ವಿಚಾರವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇನ್ನೆರಡು ವಾರ ಹೀಗೇ ಆದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ.