ದೊಡ್ಡ ರೈಲು ಯೋಜನೆಗಳಿಗೆ ಬೆಂಬಲ ತಪ್ಪುವುದೇಕೆ?

ಅಡಿಕೆ ಸಸಿ ನೆಟ್ಟ ನಾವು ಗೊನೆ ಕಾಣಲು ಐದಾರು ವರ್ಷ ಕಾಯುತ್ತೇವೆ. ನಡುವೆ ಬಾಳೆ ಇರುವುದರಿಂದ ಸಂಸಾರ ಸಾಗುತ್ತದೆ. ದೊಡ್ಡ ರೈಲುಮಾರ್ಗಕ್ಕೆ ಇಂಥ ನಡುಬೆಳೆ ಇಲ್ಲ. ಬ್ರಿಟನ್ನಿನ ಎಚ್.ಎಸ್.2 ಮಾರ್ಗವನ್ನೇ ನೋಡೋಣ.

ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್, ಮುಂದೆ ಮ್ಯಾಂಚೆಸ್ಟರ್ ಮತ್ತು ಲೀಡ್ಸ್‌ಗೆ ವೇಗದ ಹಳಿ ಹಾಕುವ ಯೋಜನೆಯನ್ನು ಸರ್ಕಾರ 2010ರಲ್ಲಿ ಪ್ರಕಟಿಸಿತು. ದೊಡ್ಡ ಪಕ್ಷಗಳೆರಡೂ ಒಪ್ಪಿದ್ದವು. ಆದರೆ ಹಳಿ ಹಾಯುವ ಚಿಲ್ಟರ್ನ್ ಗುಡ್ಡಗಳಲ್ಲಿ ಒಂದು ನಿಲ್ದಾಣವೂ ಇಲ್ಲ. ಜಮೀನು ಅವರದು, ಧೂಳು ಅವರಿಗೆ, ರೈಲು ಮಾತ್ರ ಬೇರೆಯವರಿಗೆ! ರಸ್ತೆಗೆ ತೋಟ ಬಿಟ್ಟುಕೊಟ್ಟವರಿಗೆ ಈ ಸಂಕಟ ತಿಳಿದೀತು. ಕಳೆದುಕೊಳ್ಳುವವನಿಗೆ ನಷ್ಟ ಇಂದೇ ಗೊತ್ತು; ಮುಂದೆ ಲಾಭ ಪಡೆಯುವವನು ಇನ್ನೂ ಬಾಯಿಯೇ ತೆರೆದಿರುವುದಿಲ್ಲ.

ವಿರೋಧ ತಣಿಸಲು ಸುರಂಗವನ್ನು ಹಿಗ್ಗಿಸುತ್ತ 16 ಕಿ.ಮೀ.ಗೆ ತಂದರು. ಒಂದು ಕಾಡಿನ ಬಾವಲಿಗಳ ರಕ್ಷಣೆಗೆ ಹಳಿಯ ಮೇಲೆ ಕಟ್ಟುವ ಮಾಡಿಗೇ ಹತ್ತು ಕೋಟಿ ಪೌಂಡಿಗೂ ಮೇಲೆ! ಬೋಗಿಗಳೂ ಸೇರಿ 2013ರಲ್ಲಿ ಸುಮಾರು 5,000 ಕೋಟಿ ಪೌಂಡ್ ಇದ್ದ ಅಂದಾಜು, 2019ರಲ್ಲಿ 8,800 ಕೋಟಿಯವರೆಗೆ ಏರಿತು. ಬೆಲೆಯೇರಿಕೆಯ ಪಾಲೂ ಇದರಲ್ಲಿತ್ತೆನ್ನಿ. ಇಷ್ಟಾದರೂ ಗುಡ್ಡದವರು ಒಲಿಯಲಿಲ್ಲ. 2021ರ ಉಪಚುನಾವಣೆಯಲ್ಲಿ ಅಲ್ಲಿನ ಕ್ಷೇತ್ರವೊಂದು ಆಳುವ ಪಕ್ಷದ ಕೈತಪ್ಪಿತು. ಅದೇ ವರ್ಷ ಲೀಡ್ಸ್ ಕವಲಿನ ಬಹುಭಾಗ ರದ್ದಾಯಿತು. 2023ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಕವಲೂ ಹೋಯಿತು. ಪ್ರಧಾನಿ ಸುನಕ್ ಅದನ್ನು ಸಾರಿದ್ದು ಮ್ಯಾಂಚೆಸ್ಟರಿನಲ್ಲೇ.