ನಡುವೆ ಊರಿಗೆ ಬಂದು ಹೋಗುವವರ ವೀಸಾ

ಪುಣೆಯಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿರುವುದು ಈಗ ಹೊಸ ಮಾತಲ್ಲ. ತಂದೆತಾಯಿಗಳು ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಮುಖ ನೋಡಲೆಂದೋ ಆರು ತಿಂಗಳು, ಎಂಟು ತಿಂಗಳು ಹೊರಗಿದ್ದು ಬರುವುದೂ ಹೊಸದಲ್ಲ. ತೊಡಕು ಹುಟ್ಟುವುದು, ಇಂಥ ದೀರ್ಘ ಪ್ರವಾಸದ ನಡುವೆ ಒಮ್ಮೆ ಊರಿಗೆ ಬಂದು ಮರಳಿ ಹೋಗಬೇಕಾದಾಗ. ಅಣ್ಣನ ಮಗಳ ಮದುವೆ ಬರುತ್ತದೆ. ತಂದೆಯವರ ಶ್ರಾದ್ಧ ಬರುತ್ತದೆ. ಧಾರವಾಡದಲ್ಲಿರುವ ಹಳೆಯ ಮನೆಯ ಬಾಡಿಗೆ ಕರಾರು ಮುಗಿಯುತ್ತದೆ. ಬಂದು ಹೋದರಾಯಿತೆಂದು ಟಿಕೇಟು ತೆಗೆಸುತ್ತಾರೆ. ಮರಳಿ ಹೊರಟಾಗ ವಿಮಾನ ನಿಲ್ದಾಣದಲ್ಲಿ, ನಿಮ್ಮ ವೀಸಾ ತೀರಿದೆ ಎಂಬ ಮಾತನ್ನು ಕೇಳಬೇಕಾಗುತ್ತದೆ. ಅಚ್ಚಾದ ಕೊನೆಯ ತಾರೀಖು ಇನ್ನೂ ಎರಡು ತಿಂಗಳು ಮುಂದಿರುತ್ತದೆ. ಆದರೂ ವೀಸಾ ತೀರಿದ್ದು ನಿಜವೇ. ಇದು ಹೇಗೆಂಬುದನ್ನು ವಾಚಕರಿಗೆ ತಿಳಿಯಹೇಳಲು ಇಲ್ಲಿ ಯತ್ನಿಸಿದ್ದೇವೆ.

ಹಿಂದಿನ ತಲೆಮಾರಿನವರಿಗೆ ಈ ಲೆಕ್ಕ ಬೇಕಿರಲಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿ. ಕೃ. ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಇಂಗ್ಲಂಡಿನ ವೀಸಾ ಎಂಬುದೇ ನಮ್ಮವರಿಗೆ ಇರಲಿಲ್ಲ. ೧೯೬೨ರ ಕಾಯಿದೆಯಿಂದ ಕಾಮನ್‌ವೆಲ್ತ್ ದೇಶಗಳವರ ಪ್ರವೇಶಕ್ಕೆ ಮೊದಲ ಕಟ್ಟು ಬಿತ್ತು. ಭೇಟಿಗೆ ಹೋಗುವ ಭಾರತೀಯರಿಗೂ ವೀಸಾ ಕಡ್ಡಾಯವಾದದ್ದು ೧೯೮೬ರಲ್ಲಿ. ನಮ್ಮಲ್ಲಿಯಾದರೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಬಹುಕಾಲ ಸರಕಾರದ ಮರ್ಜಿಯಾಗಿತ್ತು. ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು ೧೯೬೭ರ ಎಪ್ರಿಲಿನಲ್ಲಿ ತೀರ್ಪಿತ್ತ ಮೇಲೆ ಅದೇ ವರುಷ ಪಾಸ್‌ಪೋರ್ಟ್ ಕಾಯಿದೆ ಬಂತು. ಹೀಗೆ ಹೊರಡುವ ಹಕ್ಕು ನಮಗೆ ದೊರೆಯಿತು. ಒಳಗೆ ಬಿಡುವ ಹಕ್ಕು ಮಾತ್ರ ಆಯಾ ದೇಶದ್ದು. ಅದರ ಷರತ್ತುಗಳೇ ವೀಸಾದಲ್ಲಿ ಅಡಗಿರುವುದು.

ವೀಸಾ ಕೈಗೆ ಬಂದೊಡನೆ ಅದರಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಓದಬೇಕು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅದನ್ನು ಉಪಯೋಗಿಸಬಹುದು ಎಂಬುದು ಮೊದಲನೆಯದು. ಎಷ್ಟು ಸಲ ಒಳಗೆ ಹೋಗಬಹುದು ಎಂಬುದು ಎರಡನೆಯದು. ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು ಎಂಬುದು ಮೂರನೆಯದು. ಜನ ಮೊದಲನೆಯದನ್ನಷ್ಟೇ ನೋಡಿ, ಹತ್ತು ವರುಷದ ವೀಸಾ ಸಿಕ್ಕಿತು ಎಂದು ಸಂತೋಷಪಡುತ್ತಾರೆ. ಹತ್ತು ವರುಷವೆಂದರೆ ಬಾಗಿಲಿಗೆ ಬಂದು ನಿಲ್ಲುವ ಅವಕಾಶದ ಅವಧಿಯೇ ಹೊರತು ಮನೆಯೊಳಗೆ ಇರುವ ಅವಧಿಯಲ್ಲ. ನಡುವೆ ಊರಿಗೆ ಬರುವವರಿಗಂತೂ ಎರಡನೆಯ ಸಂಗತಿಯೇ ಎಲ್ಲಕ್ಕಿಂತ ಮುಖ್ಯ. ಒಂದೇ ಪ್ರವೇಶದ ವೀಸಾ, ನೀವು ಆ ದೇಶದ ಗಡಿಯಿಂದ ಹೊರಬಿದ್ದ ಗಳಿಗೆಯಲ್ಲಿ ತೀರಿಹೋಗುತ್ತದೆ. ಉಳಿದ ದಿನಗಳು ಎಷ್ಟಿದ್ದರೂ ಅಷ್ಟೇ.

ಎಲ್ಲಕ್ಕಿಂತ ಬಿಗಿಯಾದ ಲೆಕ್ಕ ಯುರೋಪಿನದು. ೧೯೮೫ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ಮಾಡಿಕೊಂಡ ಒಪ್ಪಂದ ಬೆಳೆದು ಇಂದು ೨೯ ದೇಶಗಳನ್ನು ಒಂದೇ ಅಂಗಳವನ್ನಾಗಿ ಮಾಡಿದೆ. ಜರ್ಮನಿ, ಫ್ರಾನ್ಸ್, ನೆದರ್‌ಲಂಡ್ಸ್, ಸ್ವಿತ್ಸರ್‌ಲಂಡ್ ಎಲ್ಲ ಅದರೊಳಗೆ ಬರುತ್ತವೆ; ಇಂಗ್ಲಂಡ್ ಮತ್ತು ಐರ್ಲಂಡ್ ಬರುವುದಿಲ್ಲ. ಈ ಅಂಗಳದೊಳಗೆ ಪ್ರವಾಸಿಯು ಯಾವುದೇ ೧೮೦ ದಿನಗಳಲ್ಲಿ ೯೦ ದಿನ ಮಾತ್ರ ಇರಬಹುದು. ಒಳಗೆ ಬಂದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. "ಯಾವುದೇ" ಎಂಬ ಮಾತನ್ನು ವಾಚಕರು ಗಮನಿಸಬೇಕು. ಇದು ಜನೆವರಿಯಿಂದ ಜೂನಿನವರೆಗೆ, ಜುಲೈಯಿಂದ ಡಿಸೆಂಬರಿನವರೆಗೆ ಎಂದು ಕಡಿದಿಟ್ಟ ಅರ್ಧ ವರುಷವಲ್ಲ. ಅಲ್ಲಿರುವ ಪ್ರತಿಯೊಂದು ದಿನವೂ ಹಿಂದಿರುಗಿ ನೋಡಿ, ಆ ದಿನವೂ ಸೇರಿದಂತೆ ೧೮೦ ದಿನಗಳಲ್ಲಿ ಎಷ್ಟು ದಿನ ಒಳಗಿದ್ದೆವು ಎಂದು ಎಣಿಸಬೇಕು.

ಒಂದು ಲೆಕ್ಕವನ್ನು ಬಿಡಿಸಿಯೇ ನೋಡೋಣ. ಕೊಥರೂಡಿನ ನಿವೃತ್ತ ದಂಪತಿಗಳು ಮ್ಯೂನಿಕ್ಕಿನಲ್ಲಿರುವ ಮಗಳ ಮನೆಗೆ ಮಾರ್ಚ್ ೧ಕ್ಕೆ ತಲುಪಿದರು ಎಂದಿಟ್ಟುಕೊಳ್ಳಿ. ಎಪ್ರಿಲ್ ೧೪ಕ್ಕೆ ಅಲ್ಲಿಂದ ಹೊರಟರು. ೪೫ ದಿನಗಳಾದವು. ಮೇ ತಿಂಗಳ ಮದುವೆ ಮುಗಿಸಿ ಜೂನ್ ೧ಕ್ಕೆ ಮತ್ತೆ ಮಗಳ ಮನೆ ಸೇರಿದರು. ಇನ್ನು ಎಷ್ಟು ದಿನ ಇರಬಹುದು? ಊರಿಗೆ ಬಂದುಹೋದದ್ದರಿಂದ ಹೊಸದಾಗಿ ೯೦ ದಿನ ಸಿಕ್ಕಿತೆಂದು ತಿಳಿದರೆ ಕೆಟ್ಟಿತು. ಉಳಿದದ್ದು ೪೫ ದಿನಗಳೇ. ಜುಲೈ ೧೫ ಅವರ ಕೊನೆಯ ದಿನ. ಜುಲೈ ೧೬ರಂದು ಅಲ್ಲಿದ್ದರೆ ೯೧ನೆಯ ದಿನವಾಗುತ್ತದೆ. ಮಾರ್ಚ್ ೧ರ ದಿನವು ೧೮೦ ದಿನಗಳ ಲೆಕ್ಕದಿಂದ ಕಳಚಿಕೊಳ್ಳುವುದು ಆಗಸ್ಟ್ ೨೮ರಂದು. ಅಂದಿನಿಂದ ಹಳೆಯ ದಿನ ಒಂದು ಉದುರಿದಂತೆ ಹೊಸ ದಿನ ಒಂದು ಸಿಗುತ್ತ ಹೋಗುತ್ತದೆ. ಆದುದರಿಂದ ವೀಸಾದ ಕೊನೆಯ ತಾರೀಖು ಅಷ್ಟು ದೂರವಿದ್ದರೆ ಆಗಸ್ಟ್ ೨೮ರಿಂದ ಅಕ್ಟೋಬರ್ ೧೧ರವರೆಗೆ ಇನ್ನೊಮ್ಮೆ ೪೫ ದಿನ ಇರಬಹುದು. ನಡುವಣ ಆರು ವಾರಗಳನ್ನು ಪುಣೆಯಲ್ಲಿಯೇ ಕಳೆಯಬೇಕೆಂದಿಲ್ಲ. ಲಂಡನ್ನಿನಲ್ಲಿ ತಮ್ಮನ ಮಗನಿದ್ದು, ಇಂಗ್ಲಂಡಿನ ವೀಸಾ ಇದ್ದರೆ ಅಲ್ಲಿಯೂ ಇರಬಹುದು. ಆ ದಿನಗಳು ಶೆಂಗೆನ್ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಆಗಬೇಕಾದರೆ ವೀಸಾದ ಮೇಲೆ ಪ್ರವೇಶಗಳ ಜಾಗದಲ್ಲಿ "ಮಲ್ಟ್" ಎಂದು ಅಚ್ಚಾಗಿರಬೇಕು. "೦೧" ಎಂದಿದ್ದರೆ ನಮ್ಮ ದಂಪತಿಗಳ ವೀಸಾ ಎಪ್ರಿಲ್ ೧೪ಕ್ಕೇ ಸತ್ತಿತು. ಅರ್ಜಿಯಲ್ಲಿಯೇ ಒಂದು ಪ್ರವೇಶವೋ, ಎರಡೋ, ಹಲವೋ ಎಂದು ಕೇಳಿರುತ್ತಾರೆ. ಅಲ್ಲಿ ಒಂದು ಎಂದು ಗುರುತು ಹಾಕಿ, ಕೊಡುವವರು ಹೆಚ್ಚೇ ಕೊಡುತ್ತಾರೆ ಎಂದು ಕಾಯುವುದು ದಡ್ಡತನ. ಹಲವು ಎಂದು ಗುರುತು ಹಾಕಿ, ಜೊತೆಯ ಪತ್ರದಲ್ಲಿ ಇಂಥ ತಿಂಗಳು ಇಂಥ ಮದುವೆಗೆ ಊರಿಗೆ ಬರುವವರಿದ್ದೇವೆ ಎಂದು ಸ್ಪಷ್ಟವಾಗಿ ಬರೆದು, ಲಗ್ನಪತ್ರಿಕೆ ಆಗಿದ್ದರೆ ಅದನ್ನೂ ಲಗತ್ತಿಸಬೇಕು. ಹಿಂದೆ ವೀಸಾ ಪಡೆದು ಸರಿಯಾಗಿ ನಡೆದುಕೊಂಡವರಿಗೆ ಒಂದು ಅನುಕೂಲವಿದೆ. ೨೦೨೪ರ ಎಪ್ರಿಲ್ ೧೮ರಂದು ಯುರೋಪಿಯನ್ ಕಮಿಷನ್ ಭಾರತದ ನಿವಾಸಿಗಳಿಗೆಂದು ಮಾಡಿದ ನಿಯಮದಂತೆ, ಹಿಂದಿನ ಮೂರು ವರುಷಗಳಲ್ಲಿ ಎರಡು ವೀಸಾ ಪಡೆದು ಕ್ರಮವಾಗಿ ಉಪಯೋಗಿಸಿದವರಿಗೆ ಎರಡು ವರುಷದ ಬಹುಪ್ರವೇಶ ವೀಸಾ, ಅದರ ತರುವಾಯ ಐದು ವರುಷದ್ದು ದೊರೆಯಬಹುದು. ೯೦ ದಿನಗಳ ಕಟ್ಟು ಮಾತ್ರ ಅದರಲ್ಲಿಯೂ ಸಡಿಲವಾಗುವುದಿಲ್ಲ.

ಊರಿಗೆ ಬಂದಾಗ ಮುಂದಿನ ವೀಸಾ ಮಾಡಿಸಿದರಾಯಿತು ಎನ್ನುವವರು ಇದ್ದಾರೆ. ಆಗಬಹುದು, ಆದರೆ ದಿನಗಳನ್ನು ಎಣಿಸಿ. ಶೆಂಗೆನ್ ಅರ್ಜಿಗೆ ಸಾಮಾನ್ಯವಾಗಿ ೧೫ ದಿನ ಹಿಡಿಯುತ್ತದೆ. ಸಂದೇಹ ಬಂದರೆ ೪೫ ದಿನಗಳವರೆಗೂ ಎಳೆಯಬಹುದು. ಸಂದರ್ಶನದ ತಾರೀಖು ಸಿಗಲು ಕಾಯುವುದು ಬೇರೆ. ಅಷ್ಟು ದಿನವೂ ಪಾಸ್‌ಪೋರ್ಟ್ ಅವರಲ್ಲಿಯೇ ಇರುತ್ತದೆ. ಒಂದು ಕಚೇರಿಯಲ್ಲಿ ಪಾಸ್‌ಪೋರ್ಟ್ ಇರುವಾಗ ಇನ್ನೊಂದು ದೇಶದ ಕಚೇರಿಗೆ ಅದನ್ನು ಕೊಡುವುದು ಹೇಗೆ? ಮೂರು ವಾರಕ್ಕೆಂದು ಬಂದವರಿಗೆ ಇದು ಸಾಗದು. ಹಾಗಾದರೆ ಎಲ್ಲವನ್ನೂ ಮೊದಲೇ ಮಾಡಿಸೋಣವೆಂದರೆ ಅದಕ್ಕೂ ಮಿತಿಯುಂಟು. ಶೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚೆ, ಇಂಗ್ಲಂಡಿನದಕ್ಕೆ ಮೂರು ತಿಂಗಳ ಮುಂಚೆ ಮಾತ್ರ ಅರ್ಜಿ ಹಾಕಬಹುದು. ಮಗನ ಮನೆಯಲ್ಲಿ ಅಮೆರಿಕದಲ್ಲಿ ಕುಳಿತು ಜರ್ಮನಿಯ ಪ್ರವಾಸಿ ವೀಸಾ ಕೇಳಿದರೆ ಸಾಮಾನ್ಯವಾಗಿ ನಿಮ್ಮ ವಾಸದ ದೇಶಕ್ಕೆ ಹೋಗಿ ಕೇಳಿ ಎನ್ನುತ್ತಾರೆ. ಅಮೆರಿಕವೂ ೨೦೨೫ರ ಸಪ್ಟಂಬರಿನಿಂದ ಇದೇ ಪದ್ಧತಿಯನ್ನು ಹಿಡಿದಿದೆ. ಆದುದರಿಂದ ನಮ್ಮ ಸಲಹೆ ಇಷ್ಟು: ದೀರ್ಘ ಅವಧಿಯ ವೀಸಾ ಯಾವುದೋ ಅದನ್ನು ಮೊದಲು ಪಡೆಯಿರಿ, ಊರಿಗೆ ಬಂದಾಗ ಹೊಸ ವೀಸಾ ಬೇಕಾಗುವಂತಿದ್ದರೆ ಆ ಬರವನ್ನು ಎರಡು ತಿಂಗಳಿಗಿಂತ ಕಡಿಮೆ ಮಾಡಬೇಡಿ.

ಅಮೆರಿಕದ ರೀತಿ ಬೇರೆ. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಅವರ ಕಾನ್ಸುಲೇಟ್ ಕಚೇರಿಯೇ ಪುಣೆಯವರಿಗೂ ಸಂಬಂಧಪಟ್ಟದ್ದು. ಅಲ್ಲಿ ದೊರೆಯುವ ಬಿ-೨ ಪ್ರವಾಸಿ ವೀಸಾ ಸಾಮಾನ್ಯವಾಗಿ ಹತ್ತು ವರುಷದ್ದು, ಹಲವು ಪ್ರವೇಶಗಳದ್ದು. ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಆ ವೀಸಾ ಅಲ್ಲ. ಇಳಿದ ವಿಮಾನ ನಿಲ್ದಾಣದ ಅಧಿಕಾರಿ. ಐ-೯೪ ಎಂಬ ದಾಖಲೆಯಲ್ಲಿ ಅವನು ಬರೆಯುವ ತಾರೀಖೇ ನಿಮ್ಮ ಗಡುವು. ಸಾಧಾರಣವಾಗಿ ಆರು ತಿಂಗಳು. ನಡುವೆ ಊರಿಗೆ ಬಂದು ಮರಳಿದರೆ ಹೊಸ ಐ-೯೪, ಹೊಸ ಗಡುವು. ಆರು ತಿಂಗಳು ಅಲ್ಲಿದ್ದರೆ ಆರು ತಿಂಗಳು ಇಲ್ಲಿರಲೇಬೇಕು ಎಂದು ಉದ್ಯಾನದ ಕಟ್ಟೆಗಳ ಮೇಲೆ ಕೇಳಿಬರುವ ಮಾತು ಕಾಯಿದೆಯಲ್ಲಿಲ್ಲ. ಆದರೆ ಐದೂವರೆ ತಿಂಗಳು ಇದ್ದು, ಎರಡು ವಾರ ಊರಿಗೆ ಬಂದು, ಮತ್ತೆ ಆರು ತಿಂಗಳಿಗೆ ಹೊರಟವರನ್ನು, ನೀವು ಭೇಟಿಗೆ ಬಂದಿರೋ ವಾಸಕ್ಕೆ ಬಂದಿರೋ ಎಂದು ಅಧಿಕಾರಿ ಕೇಳಿದರೆ ಅದು ಅನ್ಯಾಯವೆನ್ನಲಾರೆವು. ಅವನು ಕಡಿಮೆ ದಿನ ಕೊಡಬಹುದು, ಹಿಂದಕ್ಕೂ ಕಳಿಸಬಹುದು. ಮೊದಲ ಸಲ ಮೂರು ತಿಂಗಳಿದ್ದು, ಊರಲ್ಲಿ ಮೂರು ತಿಂಗಳಿದ್ದು ಹೋಗುವವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡದು. ಅವಧಿ ಹೆಚ್ಚಿಸಲು ಅಲ್ಲಿಂದಲೇ ಅರ್ಜಿ ಹಾಕುವ ಕ್ರಮವೂ ಇದೆ, ಆದರೆ ಉತ್ತರ ಬರುವ ಮೊದಲೇ ಊರಿಗೆ ಬರುವವರಿಗೆ ಅದರಿಂದ ಪ್ರಯೋಜನವಿಲ್ಲ. ಗಡುವು ಮೀರಿ ಒಂದು ದಿನ ಇದ್ದರೂ ಹತ್ತು ವರುಷದ ವೀಸಾ ರದ್ದಾಗುತ್ತದೆ. ೧೮೦ ದಿನ ಮೀರಿ ನಿಂತು ಹೊರಟವರಿಗೆ ಮೂರು ವರುಷ, ಒಂದು ವರುಷ ಮೀರಿದವರಿಗೆ ಹತ್ತು ವರುಷ ಬಾಗಿಲು ಮುಚ್ಚುತ್ತದೆ.

ಇಲ್ಲೊಂದು ಮಾತು. ಬಾಣಂತನಕ್ಕೆ ಹೋಗುವುದನ್ನು ಸಂದರ್ಶನದಲ್ಲಿ ಹೇಳಬೇಡಿ, ಪ್ರೇಕ್ಷಣೀಯ ಸ್ಥಳಗಳನ್ನು ನೋಡಲು ಎನ್ನಿ ಎಂದು ಕಲಿಸಿಕೊಡುವ ದಲಾಲರು ನಮ್ಮ ನಗರದಲ್ಲಿಯೂ ಇದ್ದಾರೆ. ಈ ಉಪದೇಶ ನಮಗೆ ಸಮ್ಮತವಿಲ್ಲ. ಮಗಳ ಹೆರಿಗೆಯ ಹೊತ್ತಿಗೆ ತಾಯಿ ಹತ್ತಿರವಿರಲು ಹೋಗುವುದು ಭೇಟಿಯೇ, ಅದರಲ್ಲಿ ಮುಚ್ಚಿಡುವಂಥದೇನಿಲ್ಲ. ಮಹತ್ವದ ಸಂಗತಿಯಲ್ಲಿ ಬೇಕೆಂದೇ ಸುಳ್ಳಾಡಿದ್ದು ಗೊತ್ತಾದರೆ ಅಮೆರಿಕದ ಕಾಯಿದೆಯಲ್ಲಿ ಅದಕ್ಕೆ ಕಾಲಮಿತಿಯಿಲ್ಲದ ನಿಷೇಧವಿದೆ. ಮೊಮ್ಮಗುವಿನ ನಾಮಕರಣ, ಮುಂದೆ ಅದರ ಮದುವೆ, ಎಲ್ಲಕ್ಕೂ ಅಡ್ಡಿಯಾಗುವ ಮಾತು ಅದು.

ಇಂಗ್ಲಂಡಿನ ಭೇಟಿ ವೀಸಾ ಆರು ತಿಂಗಳದು, ಎರಡು, ಐದು, ಹತ್ತು ವರುಷಗಳದು ಎಂದು ಹಲವು ಬಗೆ. ದೀರ್ಘಾವಧಿಯದರಲ್ಲಿಯೂ ಒಂದು ಸಲಕ್ಕೆ ಆರು ತಿಂಗಳೇ ಮಿತಿ. ಮೇಲಿಂದ ಮೇಲೆ ಬಂದು ಅಲ್ಲಿಯೇ ಮನೆ ಹೂಡಿದಂತೆ ಕಂಡರೆ ತಡೆಯುತ್ತಾರೆ. ನಮ್ಮ ಎಣಿಕೆಯಲ್ಲಿ ಹೆಚ್ಚಿನವರಿಗೆ ಎರಡು ವರುಷದ್ದು ಸಾಕು. ಅರ್ಜಿ ತಿರಸ್ಕೃತವಾದರೆ ಶುಲ್ಕ ಮರಳುವುದಿಲ್ಲವಾದ್ದರಿಂದ ಮೊದಲ ಸಲವೇ ಹತ್ತು ವರುಷಕ್ಕೆ ಹಣ ಸುರಿಯುವುದೇಕೆ? ಆಸ್ಟ್ರೇಲಿಯಾದ ೬೦೦ನೆಯ ವರ್ಗದ ವೀಸಾ ದೊರೆತವರು ಮಂಜೂರಿ ಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು. ಅದರಲ್ಲಿ ೮೫೦೩ ಎಂಬ ಷರತ್ತು ಇದ್ದರೆ ಅಲ್ಲಿದ್ದುಕೊಂಡು ಬೇರೆ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ.

ತಂದೆತಾಯಿಗಳ ದೀರ್ಘ ವಾಸಕ್ಕೆಂದೇ ವೀಸಾ ಮಾಡಿಟ್ಟ ದೇಶಗಳಲ್ಲಿ ಕೆನಡಾ ಒಂದು. ಅಲ್ಲಿ ಪೌರರೋ ಕಾಯಂ ನಿವಾಸಿಗಳೋ ಆದವರ ತಂದೆತಾಯಿ, ಅಜ್ಜಅಜ್ಜಿಯರಿಗೆ ಸೂಪರ್ ವೀಸಾ ಎಂಬುದಿದೆ. ೨೦೨೨ರ ಬದಲಾವಣೆಯ ತರುವಾಯ ಒಂದು ಸಲಕ್ಕೆ ಐದು ವರುಷದವರೆಗೆ ಇರಬಹುದು. ನಡುವೆ ಎಷ್ಟು ಸಲವಾದರೂ ಊರಿಗೆ ಬಂದು ಹೋಗಬಹುದು. ಅಲ್ಲಿರುವ ಮಗ ಅಥವಾ ಮಗಳಿಗೆ ಗೊತ್ತುಪಡಿಸಿದಷ್ಟು ವರಮಾನವಿರಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ಕನಿಷ್ಠ ಒಂದು ವರುಷಕ್ಕೆ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು. ವಿಮೆಯ ಕಂತು ವಯಸ್ಸಾದವರಿಗೆ ಭಾರವೇ.

ವಿಮೆಯ ಮಾತು ಬಂದಿತಾದ್ದರಿಂದ ಅದನ್ನೂ ಮುಗಿಸುವೆವು. ಶೆಂಗೆನ್ ವೀಸಾಕ್ಕೆ ೩೦,೦೦೦ ಯುರೋಗಿಂತ ಕಡಿಮೆಯಿಲ್ಲದ ವಿಮೆ ಕಡ್ಡಾಯ. ಅಮೆರಿಕಕ್ಕೆ ಕಡ್ಡಾಯವಿಲ್ಲ, ಆದರೆ ವಿಮೆಯಿಲ್ಲದೆ ಹೋಗುವುದು ತರವಲ್ಲ. ಒಂದೇ ಪ್ರವಾಸಕ್ಕೆಂದು ಇಲ್ಲಿ ಕೊಂಡ ವಿಮೆ ಸಾಮಾನ್ಯವಾಗಿ ನೀವು ಭಾರತಕ್ಕೆ ಮರಳಿದ ದಿನವೇ ಮುಗಿಯುತ್ತದೆ. ವೀಸಾದ ಪ್ರವೇಶಗಳ ಬಗ್ಗೆ ಎಚ್ಚರ ವಹಿಸಿದವರು ಕೂಡ ಇದನ್ನು ಮರೆಯುತ್ತಾರೆ. ಹಲವು ಪ್ರವಾಸಗಳ ವಾರ್ಷಿಕ ವಿಮೆಯಲ್ಲಿ ಪ್ರತಿ ಪ್ರವಾಸಕ್ಕೂ ದಿನಗಳ ಮಿತಿ ಇರುವುದರಿಂದ, ದೀರ್ಘಕಾಲ ಇರುವವರು ಎರಡು ಪ್ರವಾಸಕ್ಕೆ ಎರಡು ಬೇರೆ ವಿಮೆ ತೆಗೆಯುವುದೇ ಲೇಸು. ಮೊದಲಿನಿಂದ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಒಳಗೊಂಡಿದೆಯೇ ಎಂಬುದನ್ನು ಬರಹದಲ್ಲಿ ಕೇಳಬೇಕು.

ಪಾಸ್‌ಪೋರ್ಟಿನ ಅವಧಿ ಒಂದು ವರುಷಕ್ಕಿಂತ ಕಡಿಮೆ ಉಳಿದಿದ್ದರೆ ಹೊರಡುವ ಮೊದಲೇ ಮುಂಢವೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಹೊಸದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಹಳೆಯದರಲ್ಲಿ ಅಮೆರಿಕದ ವೀಸಾ ಇದ್ದರೆ ಎಸೆಯಬಾರದು. ಹಳೆಯದು, ಹೊಸದು ಎರಡನ್ನೂ ಕೂಡಿ ಒಯ್ದರೆ ಆ ವೀಸಾ ನಡೆಯುತ್ತದೆ. ಇನ್ನು ಬಂದ ಹೋದ ದಿನಗಳ ದಾಖಲೆ. ೨೦೨೫ರ ಅಕ್ಟೋಬರ್ ೧೨ರಿಂದ ಶೆಂಗೆನ್ ಗಡಿಗಳಲ್ಲಿ ಮೊಹರಿನ ಬದಲು ಬೆರಳಚ್ಚು, ಮುಖಚಿತ್ರಗಳೊಂದಿಗೆ ಯಂತ್ರದಲ್ಲಿ ದಿನಗಳನ್ನು ದಾಖಲಿಸುವ ಪದ್ಧತಿ ಆರಂಭವಾಗಿದೆ. ಎಣಿಕೆಯಲ್ಲಿ ಭಿನ್ನಾಭಿಪ್ರಾಯ ಬಂದರೆ ತೋರಿಸಲು ಪ್ರತಿ ಪ್ರಯಾಣದ ಬೋರ್ಡಿಂಗ್ ಪಾಸುಗಳನ್ನು ಒಂದು ಲಕೋಟೆಯಲ್ಲಿ ತಾರೀಖಿನ ಕ್ರಮದಲ್ಲಿ ಇಟ್ಟುಕೊಂಡು, ಊರಿಗೆ ಬಂದಾಗ ಅದನ್ನು ಇಲ್ಲಿಯೇ ಬಿಟ್ಟು ಹೋಗದೆ ಜೊತೆಯಲ್ಲಿಯೇ ಒಯ್ಯತಕ್ಕದ್ದು.