ರಿಪೇರಿ ಎಷ್ಟು ಕಂತು?

ನಮ್ಮ 2009ರ ಆಲ್ಟೊ ಬೆಳಿಗ್ಗೆ ಸ್ಟಾರ್ಟ್ ಆದರೆ ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ನೀಲಿ ಹೊಗೆ. ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತಿತ್ತು. 'ಎಂಜಿನ್ ಇಳಿಸ್ಬೇಕು ಸಾರ್, 42 ಸಾವಿರ ಆಗುತ್ತೆ' ಎಂದರು ಮೆಕ್ಯಾನಿಕ್. ದಲ್ಲಾಳಿ ಇದ್ದ ಸ್ಥಿತಿಯಲ್ಲೇ 35,000 ಕೊಡುತ್ತೇನೆ ಎಂದಿದ್ದ. 'ಕಾರಿನ ಬೆಲೆಗಿಂತ ರಿಪೇರಿಯೇ ಜಾಸ್ತಿ, ತೆಗೆದುಹಾಕು' ಎಂದರು ನಮ್ಮ ಭಾವ.

ಎಲ್ಲರೂ ಹೇಳುವ ಲೆಕ್ಕ ಇದೇ. ನನಗೇನೋ ಒಪ್ಪಲಿಲ್ಲ. ಕಾರು ಮಾರಿ 35 ಸಾವಿರ ಜೇಬಿಗೆ ಬಂದರೂ ಮಾರನೇ ದಿನ ಓಡಾಡಲು ಇನ್ನೊಂದು ಬೇಕಲ್ಲ? ಹೊಸದಕ್ಕೆ 4 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷ, ತಿಂಗಳಿಗೆ ಸುಮಾರು 8,300 ಕಂತು. ಅಂದರೆ ರಿಪೇರಿಯ ಖರ್ಚು ಐದು ಕಂತು. ಸಾಲ ತೀರಿದಾಗ ಹೊಸ ಕಾರಿಗೆ ಒಂದಿಷ್ಟು ಬೆಲೆ ಉಳಿದಿರುತ್ತದೆ, ನಿಜ. ಆದರೆ ತಿಂಗಳಿಗೆ 400 ಕಿಲೋಮೀಟರ್ ಓಡಿಸುವವನಿಗೆ ಅಷ್ಟು ದೊಡ್ಡ ಸಾಲ ಯಾಕೆ?

ಹಾಗಂತ ತಕ್ಷಣ ಅಡ್ವಾನ್ಸ್ ಕೊಡಲಿಲ್ಲ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿದೆ. ಪ್ಲಗ್ ಬಿಚ್ಚಿ ಅಲ್ಲಿ ಗೇಜ್ ಸಿಕ್ಕಿಸಿ ಸೆಲ್ಫ್ ಹೊಡೆಯುವುದು, ಅಷ್ಟೇ. ಒಂದನೇ ಮತ್ತು ಮೂರನೇ ಸಿಲಿಂಡರ್ ಪರವಾಗಿಲ್ಲ, ಎರಡನೆಯದು 110 ಪಿಎಸ್‌ಐ. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆದಾಗ ಮುಳ್ಳು 145ಕ್ಕೆ ಏರಿತು. ಏರಿದರೆ ರಿಂಗ್ ಸವೆದಿದೆ ಅಂತ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಬರೀ ವಾಲ್ವ್ ಸೀಲ್ ಹೋಗಿದ್ದರೂ ಬೆಳಿಗ್ಗೆ ನೀಲಿ ಹೊಗೆ ಬರುತ್ತದೆ, ಅದಕ್ಕೆ ಇಡೀ ಎಂಜಿನ್ ಇಳಿಸಬೇಕಾಗಿಲ್ಲ. ಆಮೇಲೆ ಕಾರನ್ನು ಮೇಲೆತ್ತಿಸಿ ತಳವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದೆವು. ಎಲ್ಲೂ ತೂತು ಬೀಳಲಿಲ್ಲ. ಮೈಸೂರಿನ ಒಣ ಹವೆಯ ಪುಣ್ಯ. ಕರಾವಳಿಯ ಕಾರಾಗಿದ್ದರೆ, ತಳ ತುಕ್ಕು ತಿಂದಿದ್ದರೆ, ಭಾವನ ಮಾತೇ ಸರಿಯಾಗುತ್ತಿತ್ತು.

ಎಂಜಿನ್ ಇಳಿಯಿತು. ಮೂರೂ ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್, ರಿಂಗ್ ಹಾಕಿಸಿದ್ದಾಯಿತು. ಬಿಚ್ಚಿದ ಮೇಲೆ ಕ್ರ್ಯಾಂಕ್‌ನಲ್ಲೂ ಗೀರು ಕಂಡಿತು, ಲೇತ್ ಕೆಲಸ ಇನ್ನಷ್ಟು ಬೆಳೆಯಿತು. ಗೇರ್‌ಬಾಕ್ಸ್ ಹೇಗೂ ಕೆಳಗಿತ್ತಲ್ಲ, ಕ್ಲಚ್ ಪ್ಲೇಟನ್ನೂ ಬದಲಿಸಿದೆ. ಇಲ್ಲದಿದ್ದರೆ ಮುಂದೆ ಅದೇ ಕೂಲಿ ಇನ್ನೊಮ್ಮೆ. ಕೊನೆಗೆ ಬಿಲ್ 51,300. ಅಂದಾಜಿನ ಮೇಲೆ ಕಾಲುಭಾಗ ತೆಗೆದಿಟ್ಟುಕೊಂಡೇ ಇಂಥ ಕೆಲಸಕ್ಕೆ ಕೈಹಾಕಬೇಕು.

ನಾನು ಮರೆತಿದ್ದು ಆರ್‌ಸಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಮ್ಮದು 2024ರಲ್ಲಿ ಮುಗಿಯಿತು. ನವೀಕರಣಕ್ಕೆ ಮೊದಲಿದ್ದ 600 ರೂಪಾಯಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು, ಹಸಿರು ತೆರಿಗೆ ಬೇರೆ. ಎಲ್ಲ ಕೂಡಿದರೆ ಐದಲ್ಲ, ಏಳು ಕಂತು.

ಆ ಏಳು ತಿಂಗಳು ಕಳೆದು ಬಹಳ ದಿನವಾಯಿತು. ಆಯಿಲ್ ಈಗ ಸರ್ವಿಸ್‌ಗೆ ಬಿಟ್ಟಾಗ ಮಾತ್ರ ಹಾಕಿಸುತ್ತೇನೆ. ಆರ್‌ಸಿ 2029ರವರೆಗೆ ಇದೆ.